ಜಿ7 ಬಾರಿಸಿದರೂ ಸಿ ಮುಟ್ಟಿದಂತಾಗುತ್ತಿಲ್ಲವೇ? ಜಾಝ್ ಗಿಟಾರಿನ ವಾಯ್ಸ್ ಲೀಡಿಂಗ್ ದೋಷ ನಿವಾರಣೆ

ಡಿ ಮೈನರ್ 7, ಜಿ7, ಸಿ ಮೇಜರ್ 7. ಮೂರೂ ಕಾರ್ಡ್ ಕೈಗೆ ಬಂದಿವೆ, ತಾಳವೂ ತಪ್ಪುತ್ತಿಲ್ಲ. ಆದರೂ ಕೇಳುವವರಿಗೆ ಮೂರು ಬಿಡಿ ಕಾರ್ಡ್‌ಗಳು ಕೇಳಿಸುತ್ತವೆ. ಜಿ7 ಹುಟ್ಟಿಸಿದ ಎಳೆತ ಸಿಯಲ್ಲಿ ತೀರಿತು ಅನ್ನಿಸುವುದಿಲ್ಲ. ಜಾಝ್ ಗಿಟಾರ್ ಕಲಿಯುವವರಲ್ಲಿ ಇದು ತೀರ ಸಾಮಾನ್ಯ ದೂರು. ಹೆಚ್ಚಿನವರು ಮದ್ದು ಹುಡುಕಿ ಇನ್ನಷ್ಟು ಹೊಸ ಕಾರ್ಡ್ ಕಲಿಯಲು ಹೊರಡುತ್ತಾರೆ. ಅದು ವ್ಯರ್ಥ ಶ್ರಮ. ದೋಷವಿರುವುದು ವಾಯ್ಸ್ ಲೀಡಿಂಗ್‌ನಲ್ಲಿ, ಅಂದರೆ ಒಂದು ಕಾರ್ಡಿನ ಸ್ವರಗಳನ್ನು ಮುಂದಿನ ಕಾರ್ಡಿನ ಹತ್ತಿರದ ಸ್ವರಗಳಿಗೆ ನಡೆಸುವುದರಲ್ಲಿ. ಬಹುಪಾಲು ಸಲ ಒಂದೇ ಒಂದು ಸ್ವರವನ್ನು ನಡುದಾರಿಯಲ್ಲಿ ಕೈಬಿಟ್ಟಿರುತ್ತೇವೆ, ಅದೂ ನಾಲ್ಕನೇ ಅಥವಾ ಮೂರನೇ ತಂತಿಯಲ್ಲಿ.

ಕೆಳಗಿನ ಅಂಕಿಗಳೆಲ್ಲ ಫ್ರೆಟ್ ಸಂಖ್ಯೆಗಳು. ದಪ್ಪನೆಯ ಆರನೇ ತಂತಿಯಿಂದ ತೆಳ್ಳನೆಯ ಒಂದನೇ ತಂತಿಯ ಕಡೆಗೆ ಓದಿಕೊಳ್ಳಿ. × ಇದ್ದಲ್ಲಿ ಆ ತಂತಿ ನುಡಿಯಬಾರದು. ನಾಲ್ಕೇ ಗುರುತು ಕೊಟ್ಟಿದ್ದರೆ ಅವು ಆರರಿಂದ ಮೂರನೇ ತಂತಿಯವರೆಗಿನವು, ಉಳಿದೆರಡು ಮೌನ. ಉದಾಹರಣೆಗಳೆಲ್ಲ ಸಿ ಶ್ರುತಿಯಲ್ಲಿವೆ, ಗಿಟಾರ್ ಮಾಮೂಲು ಟ್ಯೂನಿಂಗ್‌ನಲ್ಲಿದೆ.

ಮೊದಲು ಇಷ್ಟು ತಿಳಿದಿರಲಿ. ಜಿ7ರಲ್ಲಿರುವ ಸ್ವರಗಳು ಜಿ, ಬಿ, ಡಿ, ಎಫ್. ಎಳೆತ ಹುಟ್ಟಿಸುವುದು ಬಿ ಮತ್ತು ಎಫ್; ಅವುಗಳ ನಡುವೆ ಆರು ಫ್ರೆಟ್ ಅಂತರ, ಅದೇ ಟ್ರೈಟೋನ್. ಎಫ್ ಒಂದು ಫ್ರೆಟ್ ಇಳಿದು ಇ ಆಗಬೇಕು. ಬಿ ಒಂದು ಫ್ರೆಟ್ ಏರಿ ಸಿ ಆಗಬಹುದು. ಜಾಝ್‌ನಲ್ಲಿ ಅದು ಹೆಚ್ಚಾಗಿ ಇದ್ದಲ್ಲೇ ಉಳಿದು ಸಿ ಮೇಜರ್ 7ರ ಏಳನೇ ಸ್ವರವಾಗುತ್ತದೆ. ಜಿ ಮತ್ತು ಡಿ ಎತ್ತ ಹೋದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಲಕ್ಷಣ: ಬೆರಳು ಸರಿಯಾದ ಜಾಗದಲ್ಲಿದೆ, ಆದರೂ ಎಲ್ಲ ಕಾರ್ಡೂ ಸ್ವಲ್ಪ ಅಪಸ್ವರ

ಖರ್ಚಿಲ್ಲದ ಪರೀಕ್ಷೆ ಇದು, ಇಲ್ಲಿಂದಲೇ ಶುರು ಮಾಡಿ. ಫೋನಿನ ಟ್ಯೂನರ್ ತೆರೆದು ಬಿಡಿ ತಂತಿಗಳನ್ನಷ್ಟೇ ಅಲ್ಲ, ನಾಲ್ಕನೇ ತಂತಿಯ 3ನೇ ಫ್ರೆಟ್ (ಎಫ್) ಮತ್ತು ಮೂರನೇ ತಂತಿಯ 4ನೇ ಫ್ರೆಟ್ (ಬಿ) ಒತ್ತಿಯೂ ನೋಡಿ. ಬಿಡಿ ತಂತಿ ಸರಿಯಿದ್ದು ಒತ್ತಿದ ಸ್ವರ ಮೇಲಿದ್ದರೆ ಎರಡು ಕಾರಣಗಳಿರಬಹುದು: ನೀವು ಬಲವಾಗಿ ಅದುಮುತ್ತಿದ್ದೀರಿ, ಇಲ್ಲವೇ ನಟ್‌ನಲ್ಲಿ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ತಂತಿ ಕೂರುವ ಸೀಳು ಸಾಕಷ್ಟು ಆಳವಿಲ್ಲ. ಹಗುರವಾಗಿ ಒತ್ತಿದಾಗ ಸರಿಹೋದರೆ ದೋಷ ಕೈಯದು.

ಮೂರನೇ ತಂತಿಯ ಮೇಲೆ ವಿಶೇಷ ಅನುಮಾನವಿರಲಿ. ಬಿಡಿ ಇ ಮೇಜರ್ ಕಾರ್ಡ್ ಕಿವಿಗೆ ಹಿತವಾಗುವವರೆಗೆ ಆ ತಂತಿಯನ್ನು ಸಡಿಲಿಸುವ ಅಭ್ಯಾಸ ಹಲವರಿಗಿದೆ. ಗಿಟಾರಿನ ಮೇಜರ್ ಮೂರನೇ ಸ್ವರ ಶುದ್ಧ ಅಂತರಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ ಅಂದರೆ 100 ಸೆಂಟ್) ಮೇಲಿರುತ್ತದೆ. ಕಿವಿಯ ಹಿತ ನೋಡಿ ಇಳಿಸಿದರೆ ಅಷ್ಟೂ ಕೊರತೆ ಆ ತಂತಿಯ ಉಳಿದೆಲ್ಲ ಸ್ವರಕ್ಕೆ ತಗಲುತ್ತದೆ. ನಮಗೆ ಬೇಕಾದ ಬಿ ಇರುವುದು ಅದೇ ತಂತಿಯಲ್ಲಿ.

ಮುಂದೆ 12ನೇ ಫ್ರೆಟ್ಟಿನ ಹಾರ್ಮೋನಿಕ್‌ಗೂ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ನುಡಿಸಿದ ಸ್ವರ) ಅಲ್ಲೇ ಒತ್ತಿದ ಸ್ವರಕ್ಕೂ ಹೋಲಿಕೆ ಮಾಡಿ. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ತಂತಿ ಹಳತಾಗಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ, ಮೊದಲು ತಂತಿ ಬದಲಿಸಿ. ಆರ್ಚ್‌ಟಾಪ್ ಗಿಟಾರಿನ (ಮೇಲ್ಮೈ ಉಬ್ಬಿರುವ ಗಿಟಾರ್) ಮರದ ಬ್ರಿಡ್ಜ್ ಸಾಮಾನ್ಯವಾಗಿ ಲೋಹದ ಎಳೆ ಸುತ್ತಿದ ಮೂರನೇ ತಂತಿಗೆ ಲೆಕ್ಕಹಾಕಿ ಕೆತ್ತಿದ್ದು. ಅಲ್ಲಿ ಸುತ್ತಿಲ್ಲದ ತೆಳು ತಂತಿ ಹಾಕಿದರೆ ಆ ಒಂದು ತಂತಿ ಮಾತ್ರ ಮೇಲೆ ಮೇಲೆ ಹೋಗುತ್ತಿರುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಇದು ಸರಿಹೋಗದು; ಸುತ್ತು ತಂತಿಯ ಸೆಟ್ ಹಾಕಬೇಕು.

ಎಚ್ಚರಿಕೆ: ಆರ್ಚ್‌ಟಾಪ್‌ನಲ್ಲಿ ತಂತಿಗಳನ್ನು ಒಂದೊಂದಾಗಿಯೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಅಂಟಿಸದ ಬ್ರಿಡ್ಜ್ ಜಾಗ ಬಿಟ್ಟು ಜರುಗುತ್ತದೆ. ಬಿಗಿಯಾಗಿರುವ ತಂತಿಯನ್ನು ಕತ್ತರಿಸಬೇಡಿ, ಸಡಿಲಿಸಿ ಕತ್ತರಿಸಿ. ಕಣ್ಣಿಗೆ ಹಾರಿದ ತಂತಿ ತಮಾಷೆಯಲ್ಲ. ನಟ್ ಉಜ್ಜುವುದು, ಟ್ರಸ್ ರಾಡ್ (ಕುತ್ತಿಗೆಯೊಳಗಿನ ಲೋಹದ ಸರಳು) ತಿರುಗಿಸುವುದು ಗೊತ್ತಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ ಗಿಟಾರ್ ರಿಪೇರಿ ಮಾಡುವವರ ಕೈಗೆ ಕೊಡಿ.

ಲಕ್ಷಣ: ಎಳೆತವಿದೆ, ಇಳಿತವಿಲ್ಲ

ಎರಡು ತಂತಿಯ ಪರೀಕ್ಷೆ ಮಾಡಿ. ನಾಲ್ಕನೇ ಮತ್ತು ಮೂರನೇ ತಂತಿ ಬಿಟ್ಟು ಮಿಕ್ಕವನ್ನೆಲ್ಲ ಮರೆತುಬಿಡಿ. ಡಿ ಮೈನರ್ 7ಕ್ಕೆ 3–5, ಜಿ7ಗೆ 3–4, ಸಿ ಮೇಜರ್ 7ಕ್ಕೆ 2–4. ನಿಧಾನವಾಗಿ ನಾಲ್ಕಾರು ಸಲ ಬಾರಿಸಿ. ಮೊದಲ ಬದಲಾವಣೆಯಲ್ಲಿ ಸಿ ಸ್ವರ ಬಿಗೆ ಇಳಿಯಿತು, ಎರಡನೆಯದರಲ್ಲಿ ಎಫ್ ಇಗೆ ಇಳಿಯಿತು. ಪ್ರತಿ ಸಲ ಒಂದೇ ಸ್ವರ, ಒಂದೇ ಫ್ರೆಟ್.

ಇಷ್ಟರಲ್ಲೇ ಸಿ ಬಂದು ನಿಂತಂತೆ ಕೇಳಿಸಿದರೆ ಈ ಎರಡು ತಂತಿ ಆರೋಗ್ಯವಾಗಿವೆ. ದೋಷ ನೀವು ಅವುಗಳ ಮೇಲೆ ಪೇರಿಸಿದ ಸ್ವರಗಳಲ್ಲೋ ಕೆಳಗಿನ ಬೇಸ್‌ನಲ್ಲೋ ಇದೆ. ನಿಮ್ಮ ಮಾಮೂಲು ಕಾರ್ಡ್‌ಗಳಿಗಿಂತ ಈ ಎರಡು ತಂತಿಯೇ ಚೆನ್ನಾಗಿ ಕೇಳಿಸಿದರೆ ಆ ಕಾರ್ಡ್‌ಗಳಲ್ಲಿ ಎಫ್ ಎಲ್ಲಿ ಹೋಯಿತೆಂದು ಹುಡುಕಿ.

ಸಾಮಾನ್ಯವಾಗಿ ಸಿಗುವ ಉತ್ತರ ಬಾರ್ ಕಾರ್ಡ್, ಅಂದರೆ ತೋರುಬೆರಳನ್ನು ಅಡ್ಡಲಾಗಿ ಹಲವು ತಂತಿಗಳ ಮೇಲಿಟ್ಟು ಹಿಡಿಯುವ ಕಾರ್ಡ್. ಜಿ7 ಅನ್ನು 3-5-3-4-3-3 ಎಂದು ಹಿಡಿದು, ಸಿ ಮೇಜರ್ 7ಕ್ಕೆ 8ನೇ ಫ್ರೆಟ್ಟಿಗೆ ಜಿಗಿದು 8-×-9-9-8-× ಹಿಡಿಯುತ್ತೀರಿ ಅಂದುಕೊಳ್ಳೋಣ. ಎರಡೂ ಕಾರ್ಡ್ ಸರಿ. ಆದರೆ ನಾಲ್ಕನೇ ತಂತಿಯ ಎಫ್ ಇಳಿಯಬೇಕಾದ ಇ ಈಗ ಮೂರನೇ ತಂತಿಯ 9ನೇ ಫ್ರೆಟ್‌ನಲ್ಲಿ, ಅಂದರೆ ಒಂದು ಸ್ಥಾಯಿ ಮೇಲೆ ಇದೆ. ಒಂದು ಫ್ರೆಟ್ ಇಳಿಯಬೇಕಿದ್ದ ಸ್ವರ ಹನ್ನೊಂದು ಫ್ರೆಟ್ ಮೇಲಕ್ಕೆ ಹಾರಿತು. ಕಿವಿ ಎಫ್ ಇದ್ದ ಎತ್ತರದಲ್ಲೇ ಉತ್ತರಕ್ಕೆ ಕಾಯುತ್ತದೆ, ಅಲ್ಲಿ ಉತ್ತರ ಬರುವುದಿಲ್ಲ.

ಪರಿಹಾರಕ್ಕೆ ಮೂರು ಆಕಾರ ಸಾಕು:

ಡಿ ಮೈನರ್ 7: ×-5-3-5
ಜಿ7: 3-×-3-4
ಸಿ ಮೇಜರ್ 7: ×-3-2-4

ಹಾಡಿಯೂ ಪರೀಕ್ಷಿಸಬಹುದು. ಕರ್ನಾಟಕ ಸಂಗೀತದ ಪರಿಚಯವಿದ್ದವರಿಗೆ ಇದು ಟ್ಯೂನರ್‌ಗಿಂತ ಬೇಗ ಉತ್ತರ ಕೊಡುತ್ತದೆ. ಸಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಎಫ್ ಶುದ್ಧ ಮಧ್ಯಮ, ಇ ಅಂತರ ಗಾಂಧಾರ, ಬಿ ಕಾಕಲಿ ನಿಷಾದ. ಜಿ7 ಬಾರಿಸುತ್ತ ಮಧ್ಯಮದಲ್ಲಿ ನಿಲ್ಲಿ, ಸಿ ಬರುತ್ತಿದ್ದಂತೆ ಗಾಂಧಾರಕ್ಕೆ ಇಳಿಯಿರಿ. ಗಮಕ ಬೇಡ. ಮಧ್ಯಮವನ್ನು ಅಲುಗಿಸಿದರೆ ಅದು ಗಾಂಧಾರವನ್ನು ಮುಂಚೆಯೇ ಮುಟ್ಟಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಹಾಡಿದ್ದು ನೆಮ್ಮದಿಯಾಗಿ ಇಳಿದು ಗಿಟಾರ್ ಇಳಿಯದಿದ್ದರೆ ತಪ್ಪು ಕಿವಿಯದಲ್ಲ, ವಾಯ್ಸಿಂಗ್‌ನದು (ಕಾರ್ಡಿನ ಸ್ವರಗಳನ್ನು ತಂತಿಗಳಲ್ಲಿ ಹಂಚಿದ ರೀತಿ).

ಲಕ್ಷಣ: ಕಾರ್ಡ್ ಬದಲಾಗುವಾಗ ನಡುವೆ ಸದ್ದು ಕಡಿಯುತ್ತದೆ

ಸ್ವರ ಸರಿಯಿದ್ದೂ ಕೈ ಪ್ರತಿ ಸಲ ಮರದಿಂದ ಪೂರ್ತಿ ಏಳುತ್ತಿದ್ದರೆ ಹೀಗಾಗುತ್ತದೆ. ಕೈಯನ್ನೇ ನೋಡುತ್ತ ಬಾರಿಸಿ: ಬದಲಾವಣೆಯ ಹೊತ್ತಿಗೆ ಯಾವ ಬೆರಳೂ ತಂತಿಯ ಮೇಲಿಲ್ಲವೇ? ಹಾಗಾದರೆ ಬೆರಳಿನ ಹಂಚಿಕೆ ಬದಲಿಸಬೇಕು.

ಮೇಲಿನ ಮೂರು ಆಕಾರಕ್ಕೆ ಇದನ್ನು ಪ್ರಯತ್ನಿಸಿ. ತೋರುಬೆರಳು ಉದ್ದಕ್ಕೂ ನಾಲ್ಕನೇ ತಂತಿಯಲ್ಲೇ ಇರುತ್ತದೆ: 3, 3, 2. ಕಿರುಬೆರಳು ಉದ್ದಕ್ಕೂ ಮೂರನೇ ತಂತಿಯಲ್ಲಿ: 5, 4, 4. ಡಿ ಮೈನರ್ 7ರ ರೂಟ್ (ಕಾರ್ಡಿಗೆ ಹೆಸರು ಕೊಡುವ ಸ್ವರ) ಉಂಗುರ ಬೆರಳಿಗೆ, ಸಿ ಮೇಜರ್ 7ರ ರೂಟ್ ನಡುಬೆರಳಿಗೆ. ಜಿ7ರ ಆರನೇ ತಂತಿಗೆ ಹೆಬ್ಬೆರಳನ್ನು ಕುತ್ತಿಗೆಯ ಮೇಲಿನಿಂದ ತನ್ನಿ. ಅದರ ತುದಿ ಐದನೇ ತಂತಿಗೆ ತಾಗಿ ಅದನ್ನು ಮೌನವಾಗಿಸುತ್ತದೆ. ಎರಡು ಬೆರಳು ತಂತಿ ಬಿಡುವುದೇ ಇಲ್ಲ, ಜಾರುತ್ತವೆ ಅಥವಾ ಸುಮ್ಮನಿರುತ್ತವೆ. ಹೆಬ್ಬೆರಳು ತಲುಪದಿದ್ದರೆ ಒತ್ತಾಯ ಬೇಡ, ಜಿ ಸ್ವರವನ್ನು ಬೇಸ್ ವಾದಕರಿಗೆ ಬಿಟ್ಟುಬಿಡಿ.

ಎರಡನೇ ತಂತಿಯನ್ನೂ ಸೇರಿಸುವವರಿಗೆ ಇನ್ನೂ ಅಚ್ಚುಕಟ್ಟಾದ ಜೋಡಿಯಿದೆ. ಜಿ7: 3-×-3-4-3-×, ಬೆರಳು ಕ್ರಮವಾಗಿ ತೋರು, ನಡು, ಕಿರು, ಉಂಗುರ. ಸಿ ಮೇಜರ್ 9: ×-3-2-4-3-×, ನಡು, ತೋರು, ಕಿರು, ಉಂಗುರ. ಕಿರುಬೆರಳು ಮತ್ತು ಉಂಗುರ ಬೆರಳು ಇದ್ದಲ್ಲೇ ಇವೆ. ಮೇಲಿನ ಮೂರು ಸ್ವರಗಳಲ್ಲಿ ಬದಲಾಗಿದ್ದು ಎಫ್ ಒಂದೇ. ಇಲ್ಲೊಂದು ಮಾತು: ಐದನೇ ತಂತಿಯ ಸಿ ಬಿಟ್ಟರೆ ಉಳಿಯುವ ಇ, ಬಿ, ಡಿ ಇ ಮೈನರ್ 7ರಂತೆ ಕೇಳಿಸುತ್ತದೆ. ಬೇಸ್ ವಾದಕರಿಲ್ಲದಾಗ ಆ ಸಿ ಬಿಡಬೇಡಿ.

ಲಕ್ಷಣ: ಫ್ಲ್ಯಾಟ್ 9, ಫ್ಲ್ಯಾಟ್ 13 ಸೇರಿಸಿದರೆ ತಪ್ಪು ಬಾರಿಸಿದಂತೆ ಕೇಳಿಸುತ್ತದೆ

9, 11, 13 ಅಂದರೆ ರೂಟ್‌ನಿಂದ ಎಣಿಸಿದ ಸ್ವರಸ್ಥಾನ; ಫ್ಲ್ಯಾಟ್ ಎಂದರೆ ಅದಕ್ಕಿಂತ ಒಂದು ಫ್ರೆಟ್ ಕೆಳಗೆ, ಶಾರ್ಪ್ ಎಂದರೆ ಒಂದು ಫ್ರೆಟ್ ಮೇಲೆ. ಹೀಗೆ ಬದಲಿಸಿದ ಸ್ವರಕ್ಕೂ ಇಳಿಯುವ ಜಾಗ ಬೇಕು, ಅದೂ ಅದೇ ತಂತಿಯಲ್ಲಿದ್ದರೆ ಒಳ್ಳೆಯದು. ಎ ಫ್ಲ್ಯಾಟ್ (ಫ್ಲ್ಯಾಟ್ 9) ಜಿಗೆ ಇಳಿಯುತ್ತದೆ. ಇ ಫ್ಲ್ಯಾಟ್ (ಫ್ಲ್ಯಾಟ್ 13) ಡಿಗೆ ಇಳಿಯುತ್ತದೆ. ಬಿ ಫ್ಲ್ಯಾಟ್ (ಶಾರ್ಪ್ 9) ಎ ಫ್ಲ್ಯಾಟ್ ಮುಟ್ಟಿ ಜಿಗೆ ಬರಬಹುದು: ಒಂದನೇ ತಂತಿಯಲ್ಲಿ 6, 4, 3. ಸಿ ಶಾರ್ಪ್ (ಶಾರ್ಪ್ 11) ಸಿಗೆ ಇಳಿಯಲೂಬಹುದು, ಡಿಗೆ ಏರಲೂಬಹುದು.

ಮೊದಲ ಪರೀಕ್ಷೆ: ಆ ಒಂದು ತಂತಿಯನ್ನಷ್ಟೇ ಬಾರಿಸಿ. ಡಿ ಮೈನರ್ 9 (×-5-3-5-5-×), ಜಿ7 ಫ್ಲ್ಯಾಟ್ 13 (3-×-3-4-4-×), ಸಿ ಮೇಜರ್ 9 (×-3-2-4-3-×) ಎಂಬ ಸಾಲಿನಲ್ಲಿ ಎರಡನೇ ತಂತಿ 5, 4, 3 ಎಂದು ಇಳಿಯುತ್ತದೆ. ಈ ಮೂರು ಸ್ವರ ಒಂದು ಎಳೆಯಾಗಿ ಕೇಳಿಸಿದರೆ ಕಾರ್ಡ್ ಎಷ್ಟೇ ಕಟುವಾಗಿದ್ದರೂ ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಅದೇ ಇ ಫ್ಲ್ಯಾಟ್ ಬಾರಿಸಿ ಮುಂದೆ ಎರಡನೇ ತಂತಿಯ 8ನೇ ಫ್ರೆಟ್ಟಿಗೆ ಹಾರಿ ನೋಡಿ, ದೂರು ತಕ್ಷಣ ಮರಳಿ ಬರುತ್ತದೆ.

ಎಳೆ ಸರಿಯಿದ್ದೂ ಕರ್ಕಶವಾಗಿದ್ದರೆ ಒಳಗೆ ಮಾಮೂಲು ಐದನೇ ಸ್ವರ ಅಡಗಿದೆಯೇ ನೋಡಿ. ಪೂರ್ತಿ ಬಾರ್ ಕಾರ್ಡಿನಲ್ಲೇ ಎರಡನೇ ತಂತಿಯನ್ನು 4ಕ್ಕೆ ಏರಿಸಿ 3-5-3-4-4-3 ಮಾಡಿಕೊಂಡವರಿಗೆ ಐದನೇ ತಂತಿಯ 5ನೇ ಫ್ರೆಟ್‌ನಲ್ಲಿ ಡಿ ಉಳಿದುಕೊಂಡಿರುತ್ತದೆ. ಕೆಳಗೆ ಡಿ, ಒಂದು ಸ್ಥಾಯಿಯಾಚೆ ಇ ಫ್ಲ್ಯಾಟ್. ಐದನೇ ತಂತಿ ತೆಗೆದರೆ ಅರ್ಧ ಜಗಳ ಮುಗಿಯಿತು. ಪಿಯಾನೊ ವಾದಕರು ಸಾದಾ 13 (ಇ) ಹಿಡಿದಾಗ ನೀವು ಫ್ಲ್ಯಾಟ್ 13 ಹಿಡಿದರೂ ಇದೇ ಗತಿ. ಹಾಡಿನ ಮಟ್ಟಿನಲ್ಲೇ ಸಾದಾ ಎ ಇದ್ದರೆ ಫ್ಲ್ಯಾಟ್ 9 ಬೇಡ. ಮಟ್ಟು ಮೊದಲು, ನಿಮ್ಮ ಬಣ್ಣ ಆಮೇಲೆ.

ಮಟ್ಟು ಸಿ ಸ್ವರದಲ್ಲೇ ಮುಗಿಯುವಾಗ ಸಿ ಮೇಜರ್ 7ರ ಬಿ ಕೂಡ ಕಚ್ಚಾಡುತ್ತದೆ. ಅಲ್ಲಿ ಸಿ6 ಹಿಡಿಯಿರಿ: ×-3-2-2.

ಬೇಸ್ ಇರುವಾಗ ಮೇಲಿನ ನಾಲ್ಕು ತಂತಿಯಲ್ಲಿ ಒಂದು ಒಳ್ಳೆಯ ಜೋಡಿ: ×-×-3-4-4-4, ಬಳಿಕ ×-×-2-4-3-3. ಬಿ ನಿಲ್ಲುತ್ತದೆ, ಎಫ್, ಇ ಫ್ಲ್ಯಾಟ್, ಎ ಫ್ಲ್ಯಾಟ್ ಮೂರೂ ಒಂದೊಂದು ಫ್ರೆಟ್ ಇಳಿಯುತ್ತವೆ. ಹೀಗೆ ಸ್ವರ ಬದಲಿಸಿದ ಆಲ್ಟರ್ಡ್ ಕಾರ್ಡ್ ಕಲಿಯಬೇಕೆಂದವರು ಹತ್ತು ಆಕಾರ ಬಿಟ್ಟು ಇದೊಂದನ್ನು ಹನ್ನೆರಡು ಶ್ರುತಿಯಲ್ಲೂ ತಿರುವಿ ಹಾಕುವುದು ಲೇಸು.

ಲಕ್ಷಣ: ಮೇಜರ್‌ನಲ್ಲಿ ಸರಿ, ಮೈನರ್‌ಗೆ ಹೋದರೆ ಎಡವಟ್ಟು

ಸಿ ಮೈನರ್‌ಗೆ ಹೋಗುವಾಗ ಎಫ್ ಇಳಿಯಬೇಕಾದ್ದು ಇ ಫ್ಲ್ಯಾಟ್‌ಗೆ, ಅಂದರೆ ಎರಡು ಫ್ರೆಟ್. ಅಂತರ ಗಾಂಧಾರಕ್ಕಲ್ಲ, ಸಾಧಾರಣ ಗಾಂಧಾರಕ್ಕೆ. ಕೈ ರೂಢಿಬಲದಿಂದ ಒಂದೇ ಫ್ರೆಟ್ಟಿಗೆ ನಿಂತುಬಿಡುತ್ತದೆ. ಇನ್ನೊಂದು ಕಾರಣ ಜಿ13: ಅದರ ಇ ಸ್ವರ ಮುಂದೆ ಬರುವುದು ಮೇಜರ್ ಎಂದು ಮೊದಲೇ ಸಾರಿಬಿಡುತ್ತದೆ. ಮೈನರ್‌ಗೆ ಹೊರಟಾಗ ಫ್ಲ್ಯಾಟ್ 13 ಹಿಡಿದರೆ ಅದೇ ಇ ಫ್ಲ್ಯಾಟ್ ಮುಂದಿನ ಕಾರ್ಡಿನ ಮೂರನೇ ಸ್ವರವೂ ಆಗುತ್ತದೆ.

ಪರೀಕ್ಷೆಗೆ ಈ ಸಾಲು: ಡಿ ಮೈನರ್ 7 ಫ್ಲ್ಯಾಟ್ 5 (×-×-3-5-3-4), ಜಿ7 ಫ್ಲ್ಯಾಟ್ 9 (×-×-3-4-3-4), ಸಿ ಮೈನರ್ 6 (×-×-1-2-1-3). ಮೊದಲ ಬದಲಾವಣೆಯಲ್ಲಿ ಮೂರನೇ ತಂತಿ ಮಾತ್ರ ಒಂದು ಫ್ರೆಟ್ ಇಳಿಯುತ್ತದೆ. ಎರಡನೆಯದರಲ್ಲಿ ನಾಲ್ಕೂ ಇಳಿಯುತ್ತವೆ: ಮೂರು ಸ್ವರ ಎರಡೆರಡು ಫ್ರೆಟ್, ಎ ಫ್ಲ್ಯಾಟ್ ಒಂದೇ.

ಸಿ ಮೈನರ್ ಮೇಜರ್ 7 (×-3-1-4) ಹಿಡಿದರೆ ಬಿ ಇದ್ದಲ್ಲೇ ಉಳಿಯುತ್ತದೆ, ಸೊಗಸಾಗಿಯೂ ಇರುತ್ತದೆ. ಆದರೆ ಮೊದಲ ಫ್ರೆಟ್‌ಗಳಲ್ಲಿ ಅಂತರ ಅಗಲ, ಕೈ ಚಾಚಬೇಕು. ಮಣಿಕಟ್ಟಿನಲ್ಲಿ ನೋವು, ಬೆರಳಲ್ಲಿ ಜೋಮು ಅಥವಾ ಮರಗಟ್ಟುವಿಕೆ ಕಂಡರೆ ಅಲ್ಲೇ ನಿಲ್ಲಿಸಿ. ಅದೇ ಆಕಾರವನ್ನು ಐದಾರು ಫ್ರೆಟ್ ಮೇಲೆ, ಬೇರೆ ಶ್ರುತಿಯಲ್ಲಿ ಅಭ್ಯಾಸ ಮಾಡಿ. ವಿಶ್ರಾಂತಿ ಕೊಟ್ಟರೂ ನೋವು ಮರಳಿ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ. ನೋವು ಸಹಿಸಿ ಬಾರಿಸಿದರೆ ಕೈ ಪಳಗುತ್ತದೆ ಎಂಬ ಮಾತನ್ನು ನಂಬಬೇಡಿ.

ಲಕ್ಷಣ: ಸಾಲು ಸಾಲು ಡಾಮಿನೆಂಟ್ ಬಂದಾಗ ದಾರಿ ತಪ್ಪುತ್ತದೆ

ಇ7, ಎ7, ಡಿ7, ಜಿ7. ಜಿ7ರಂತೆ ಎಳೆತ ಹುಟ್ಟಿಸುವ ಇಂಥ ಕಾರ್ಡೇ ಡಾಮಿನೆಂಟ್. ಇಲ್ಲಿ ಕಷ್ಟ ಕಾಣುವುದು ರೂಟ್ ಹಿಂದೆ ಓಡುವವರಿಗೆ ಮಾತ್ರ. ನಾಲ್ಕನೇ ಮತ್ತು ಮೂರನೇ ತಂತಿಯಲ್ಲಿ 6–7, 5–6, 4–5, 3–4 ಎಂದು ಜಾರಿಸಿ, ಅಷ್ಟೇ. ಒಂದು ಕಾರ್ಡಿನ ಮೂರನೇ ಸ್ವರ ಮುಂದಿನದರ ಏಳನೆಯದಾಗುತ್ತದೆ, ಏಳನೆಯದು ಮೂರನೆಯದಾಗುತ್ತದೆ. ರಿದಂ ಚೇಂಜಸ್‌ನ (‘ಐ ಗಾಟ್ ರಿದಂ’ ಹಾಡಿನಿಂದ ಬಂದ ಕಾರ್ಡ್ ಸಾಲು) ಮಧ್ಯಭಾಗ ಪೂರ್ತಿ ಇದೇ ಜಾರಿಕೆ.

ಲಕ್ಷಣ: ಟ್ರೈಟೋನ್ ಸಬ್ಸ್ಟಿಟ್ಯೂಷನ್ ಹಾಕಿದರೆ ಬೇರೆ ಹಾಡಿಗೆ ಹೋದಂತಾಗುತ್ತದೆ

ಜಿ7 ಬದಲು ಡಿ ಫ್ಲ್ಯಾಟ್ 7 ಹಾಕುವುದು ಸಾಧ್ಯವಾಗುವುದೇ ಎರಡರಲ್ಲೂ ಎಫ್ ಮತ್ತು ಬಿ ಇರುವುದರಿಂದ. ×-5-3-5, ×-4-3-4, ×-3-2-4: ಐದನೇ ತಂತಿ 5, 4, 3 ಎಂದು ಇಳಿಯುತ್ತದೆ, ಒಳಗಿನ ಎರಡು ತಂತಿ ಮೊದಲಿನಂತೆಯೇ ನಡೆಯುತ್ತವೆ. ಇದನ್ನು ಬಿಟ್ಟು 9ನೇ ಫ್ರೆಟ್‌ನ ಬಾರ್ ಕಾರ್ಡ್ ಹಿಡಿದರೆ ಸ್ವರಗಳ ನಂಟು ಕಡಿದು, ಕಾರ್ಡ್ ಎಲ್ಲಿಂದಲೋ ಬಂದು ಬಿದ್ದಂತೆ ಕೇಳಿಸುತ್ತದೆ.

ಬೇಸ್ ವಾದಕರು ಜಿ ಬಾರಿಸಿದರೆ ಗಾಬರಿ ಬೇಡ. ನಿಮ್ಮ ಡಿ ಫ್ಲ್ಯಾಟ್ ಅವರ ಜಿ ಮೇಲೆ ಶಾರ್ಪ್ 11 ಆಗುತ್ತದೆ. ನಿಜವಾದ ತೊಂದರೆ ಮಟ್ಟಿನಲ್ಲಿ ಡಿ ಸ್ವರ ನಿಂತಿರುವಾಗ. ಜಿ7ಗೆ ಅದು ಐದನೇ ಸ್ವರ, ಡಿ ಫ್ಲ್ಯಾಟ್ 7ಗೆ ಫ್ಲ್ಯಾಟ್ 9. ಅಲ್ಲಿ ಜಿ7 ಉಳಿಸಿಕೊಳ್ಳಿ.

ಲಕ್ಷಣ: ಮನೆಯಲ್ಲಿ ಚೆನ್ನ, ಬ್ಯಾಂಡ್ ಜೊತೆ ಕಲಸುಮೇಲೋಗರ

ಮೊದಲು ಆರನೇ, ಐದನೇ ತಂತಿ ಬಿಡಿ. ಬೇಸ್ ಅಲ್ಲಿ ಕೆಲಸ ಮಾಡುತ್ತಿದೆ. ಅಷ್ಟು ಕೆಳಗೆ ಮೂರನೇ ಸ್ವರ ಹಿಡಿದರೆ, ಉದಾಹರಣೆಗೆ ಆರನೇ ತಂತಿಯ ಜಿ ಜೊತೆ ಐದನೇ ತಂತಿಯ 2ನೇ ಫ್ರೆಟ್‌ನ ಬಿ, ಎರಡೂ ಕಲೆತು ಗೊಗ್ಗರು ಸದ್ದಾಗುತ್ತದೆ. ಅದೇ ಬಿ ಮೂರನೇ ತಂತಿಯ 4ರಲ್ಲಿ ತಿಳಿಯಾಗಿ ಕೇಳಿಸುತ್ತದೆ. ಅಮೆರಿಕದ ಜಾಝ್ ತಂಡವಾದ ಕೌಂಟ್ ಬೇಸಿ ಆರ್ಕೆಸ್ಟ್ರಾದಲ್ಲಿ 1937ರಿಂದ 1987ರವರೆಗೆ ರಿದಂ ಗಿಟಾರ್ ಬಾರಿಸಿದ ಫ್ರೆಡ್ಡಿ ಗ್ರೀನ್ ದೊಡ್ಡ ಬ್ಯಾಂಡ್ ನಡುವೆಯೂ ಬಹಳಷ್ಟು ಸಲ ನಾಲ್ಕನೇ ತಂತಿಯ ಒಂದೇ ಸ್ವರ ಮುಂದೆ ಕೇಳುವಂತೆ ನುಡಿಸುತ್ತಿದ್ದರು. ಕೆನಡಾದ ಗಿಟಾರ್ ವಾದಕ ಎಡ್ ಬಿಕರ್ಟ್ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನಲ್ಲಿ ರೂಟ್ ಇಲ್ಲದ ಪುಟ್ಟ ವಾಯ್ಸಿಂಗ್‌ಗಳಿಂದಲೇ ಹೆಸರಾದವರು. ಮೂರು ಸ್ವರ ಬಡತನವಲ್ಲ.

ಇದಾದ ಮೇಲೂ ಕಲಸಿದರೆ ಆಂಪ್ಲಿಫೈಯರ್‌ನ ಬೇಸ್ ಗುಂಡಿ ಇಳಿಸಿ. ಆಮೇಲೆ ಪಿಯಾನೊ ವಾದಕರ ಜೊತೆ ಮಾತಾಡಿ: ಒಬ್ಬರು ಕಾಂಪಿಂಗ್ (ಕಾರ್ಡ್‌ಗಳಿಂದ ಪಕ್ಕವಾದ್ಯ) ಮಾಡುವಾಗ ಇನ್ನೊಬ್ಬರು ಬಿಡಲಿ. ವಾಲ್ಯೂಮ್ ಏರಿಸುವುದು ಪರಿಹಾರವಲ್ಲ. ರಿಹರ್ಸಲ್ ಮುಗಿದ ಮೇಲೆ ಕಿವಿ ಗುಂಯ್‌ಗುಡುತ್ತಿದ್ದರೆ ಸದ್ದು ಅತಿಯಾಗಿದೆ.

ದೋಷವಲ್ಲದ್ದು

ಜಿ7 ಎ ಮೈನರ್ 7ಕ್ಕೆ ಹೋದಾಗ ಸಿ ಮುಟ್ಟಿದಂತಾಗದಿರುವುದು ಸಹಜ, ಹಾಡು ಬೇಕೆಂದೇ ಕಿವಿಗೆ ಚಕ್ಕರ್ ಕೊಡುತ್ತಿದೆ. ಅಲ್ಲೂ ಎಫ್ ಇಗೇ ಇಳಿಯುತ್ತದೆ. ಅದು ಇಳಿದರೆ ನಿಮ್ಮ ಕೆಲಸ ಸರಿ. ಬಿ ಫ್ಲ್ಯಾಟ್ 7ರಿಂದ ಸಿಗೆ ಬರುವಲ್ಲಿ ಎ ಫ್ಲ್ಯಾಟ್ ಜಿಗೂ ಎಫ್ ಇಗೂ ಇಳಿದರೆ ಸಾಕು. ಬ್ಲೂಸ್‌ನಲ್ಲಿ ಸಿ7 ಕಾರ್ಡೇ ಮನೆ, ಅದಕ್ಕೆ ಬಿಡುಗಡೆ ಹುಡುಕಬೇಡಿ. ಅಲ್ಲಿ ಜಿ7ರಿಂದ ಸಿ7ಗೆ ಬರುವಾಗ ಬಿ ನಿಲ್ಲುವುದಿಲ್ಲ, ಅದೂ ಎಫ್ ಜೊತೆ ಒಂದು ಫ್ರೆಟ್ ಇಳಿಯುತ್ತದೆ: 3–4 ಹೋಗಿ 2–3.